ಒಕೋಲಿಯ ಬಾಯಿಗೆ ಮಾತ್ರ ಕಹಿಯಾದ ನೀರು

ದೂರದ ಇಗ್ಬೋ ಜನರ ಸೀಮೆಯಲ್ಲಿ, ಕೆಂಪು ಮಣ್ಣಿನ ಒಂದು ಕಾಡಿನಲ್ಲಿ ಎಕೆಮ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಎಲ್ಲವೂ ಗೊತ್ತಾಗಬೇಕು. ಮಳೆ ಬರುತ್ತದೆಂದು ಗೆದ್ದಲಿಗೆ ಯಾರು ಹೇಳುತ್ತಾರೆ? ತಾಳೆಹಣ್ಣು ಒಳಗಿನಿಂದ ಹಣ್ಣಾಗುತ್ತದೋ, ಹೊರಗಿನಿಂದಲೋ? ಹೀಗೆ ಕೇಳಿ ಕೇಳಿ ಕಾಡಿನವರನ್ನೆಲ್ಲ ಸುಸ್ತು ಮಾಡುತ್ತಿದ್ದಳು.

ಆ ಕಾಡಿಗೆ ಒಬ್ಬ ತಾಯಿ ಇದ್ದಳು. ಅವಳ ಹೆಸರು ಆಲಾ. ಅವಳೇ ಭೂಮಿ. ಬೆಳೆ ಕೊಡುವವಳೂ ಅವಳೇ, ಸತ್ತವರನ್ನು ಮಡಿಲಿಗೆ ತೆಗೆದುಕೊಳ್ಳುವವಳೂ ಅವಳೇ. ಅವಳ ಬನದ ಪಕ್ಕದ ಇಳಿಜಾರಿನಲ್ಲಿ ಪ್ರಾಣಿಗಳೆಲ್ಲ ಸೇರಿ ಹೆಗ್ಗೆಣಸು ನೆಡುತ್ತಿದ್ದರು. ಮೊದಲ ಗೆಣಸನ್ನು ಆಲಾ ತಾಯಿಗೆ ಒಪ್ಪಿಸಬೇಕು. ಆಮೇಲೆ ಉಳಿದವರು ತಿನ್ನಬೇಕು. ಅದಕ್ಕೆ ಮೊದಲು ಯಾರೂ ಅಲ್ಲಿನ ಮಣ್ಣು ಕೆದಕಬಾರದು. ಇದು ಹಿರಿಯರ ಕಾಲದಿಂದ ಬಂದ ಕಟ್ಟು.

ಆ ವರ್ಷ ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ಒಂದು ಬೆಳಗ್ಗೆ ಕಾಡಿನ ಒರತೆಯ ನೀರು ಕಹಿಯಾಯಿತು. ಜಿಂಕೆ ಕುಡಿದು ಉಗುಳಿತು. ಕೋತಿ ಕುಡಿದು ಕೆಮ್ಮಿತು. ಮರಿಗಳು ಬಾಯಾರಿ ಅತ್ತವು. ಎಲ್ಲರೂ ಕಣಿ ಹೇಳುವ ಉಗೋಯೆ ಅಜ್ಜಿಯ ಹತ್ತಿರ ಓಡಿದರು. ಉಗೋಯೆ ಅಜ್ಜಿ ಬಹಳ ವಯಸ್ಸಾದ ಬೂದು ಗಿಳಿ.

ಅಜ್ಜಿ ನಾಲ್ಕು ಒಣಚಿಪ್ಪುಗಳನ್ನು ನೆಲಕ್ಕೆ ಹಾಕಿದಳು. ಬಗ್ಗಿ ನೋಡಿದಳು. ಮತ್ತೆ ಹಾಕಿದಳು.

"ಯಾರೋ ಹಬ್ಬಕ್ಕೆ ಮುಂಚೆ ಗೆಣಸಿನ ಮಣ್ಣು ಅಗೆದಿದ್ದಾರೆ. ತಾಯಿಗೆ ನೋವಾಗಿದೆ," ಎಂದಳು.

"ಅವಳನ್ನು ಸಮಾಧಾನ ಮಾಡುವುದು ಹೇಗೆ?" ಎಂದು ಜಿಂಕೆ ಕೇಳಿತು.

"ಅಗೆದವರು ಕಳೆದ ವರ್ಷದ ಒಂದು ಗೆಣಸು, ಒಂದು ಕೋಲಾ ಬೀಜ, ಒಂದು ಹಿಡಿ ಬಿಳಿ ಜೇಡಿಮಣ್ಣು ತರಲಿ. ಬನದ ಮುಂದೆ ಬರಿ ನೆಲದಲ್ಲಿ ಕೂತು, ಮಾಡಿದ್ದನ್ನು ತಮ್ಮ ಬಾಯಿಂದ ಹೇಳಲಿ. ಉಳಿದದ್ದು ನನ್ನ ಕೆಲಸ."

ನಮ್ಮಲ್ಲಿ ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡುತ್ತೇವಲ್ಲ, ಆ ಸೀಮೆಯಲ್ಲಿ ಕೋಲಾ ಬೀಜ ಕೊಡುತ್ತಾರೆ. ದೇವರಿಗೂ ಅದೇ ಮೊದಲ ಮರ್ಯಾದೆ.

ಎಲ್ಲರೂ ಇಳಿಜಾರಿಗೆ ಹೋಗಿ ನೋಡಿದರು. ಅಲ್ಲಿ ಏಳು ಕಡೆ ಮಣ್ಣು ಅಗೆದಿತ್ತು. ಆರು ಗುಳಿಗಳು ಖಾಲಿ. ಏಳನೆಯದನ್ನು ಯಾರೋ ನಾಜೂಕಾಗಿ ಮುಚ್ಚಿದ್ದರು. ಒಳಗೆ ಗೆಣಸು ಹಾಗೆಯೇ ಇತ್ತು.

"ಯಾರು ಮಾಡಿದ್ದು?" ಎಂದು ಅಜ್ಜಿ ಕೇಳಿದಳು.

ಎಕೆಮಳ ಮೈಮೇಲಿನ ಮುಳ್ಳುಗಳು ಕಟಕಟ ಎಂದವು. ಕೊನೆಗೆ ಅವಳು ಮುಂದೆ ಬಂದಳು.

"ಅಜ್ಜಿ, ಒಂದು ಗುಳಿ ನನ್ನದು. ಗೆಣಸು ಎಷ್ಟು ದಪ್ಪ ಆಗಿದೆಯೆಂದು ನೋಡುವ ಆಸೆಯಾಯಿತು. ಅಗೆದೆ, ಮುಟ್ಟಿ ನೋಡಿದೆ, ಮತ್ತೆ ಮುಚ್ಚಿದೆ. ತಿನ್ನಲಿಲ್ಲ. ಉಳಿದ ಆರು ನನಗೆ ಗೊತ್ತಿಲ್ಲ."

ಗುಂಪಿನ ಹಿಂದೆ ಒಕೋಲಿ ಎಂಬ ಪುನುಗು ಬೆಕ್ಕು ನಿಂತಿದ್ದ. ಆ ಆರು ಗೆಣಸುಗಳನ್ನು ಕದ್ದು ತಿಂದವನು ಅವನೇ. ಅವನು ಮೀಸೆ ಒರೆಸಿಕೊಂಡು ಮುಂದೆ ಬಂದ.

"ಅಕ್ಕಾ, ಒಂದು ಅಗೆದವಳಿಗೆ ಆರು ಅಗೆಯುವುದು ದೊಡ್ಡ ವಿಷಯವೇ? ಒಪ್ಪಿಕೊಳ್ಳುವಾಗ ಪೂರ್ತಿ ಒಪ್ಪಿಕೋ. ಪಾಪ, ಮರಿಗಳು ಬಾಯಾರಿ ಸಾಯುತ್ತಿವೆ," ಎಂದ.

ಉಳಿದವರು ತಲೆಯಾಡಿಸಿದರು. ಯಾವಾಗಲೂ ಎಲ್ಲದಕ್ಕೂ ಮೂಗು ತೂರಿಸುವವಳು ಅವಳೇ ತಾನೇ?

ಎಕೆಮಳ ಕಣ್ಣು ತುಂಬಿತು. ಆದರೂ ಅವಳು ಹೇಳಿದಳು, "ಏಳು ಗೆಣಸು ಕೇಳಿದರೆ ಏಳು ತರುತ್ತೇನೆ. ಆದರೆ ಮಾಡದೇ ಇರುವುದನ್ನು ತಾಯಿಯ ಮುಂದೆ ಹೇಗೆ ಹೇಳಲಿ?"

"ಒಂದೇ ಸಾಕು. ನೀನು ಮಾಡಿದ್ದನ್ನು ಮಾತ್ರ ಹೇಳು," ಎಂದಳು ಅಜ್ಜಿ.

ಎಕೆಮ ಬನದ ಮುಂದೆ ನೆಲದಲ್ಲಿ ಕೂತಳು. ಹೇಳಬೇಕಾದದ್ದನ್ನು ಹೇಳಿದಳು. ಅಜ್ಜಿ ನೆಲದ ಮೇಲೆ ಬಿಳಿ ಜೇಡಿಯಿಂದ ಗೆರೆ ಎಳೆದಳು. ಕೋಲಾ ಬೀಜ ಒಡೆದು, ಮೊದಲ ಚೂರನ್ನು ಮಣ್ಣಿಗೆ ಇಟ್ಟು, ಉಳಿದದ್ದನ್ನು ಎಲ್ಲರಿಗೂ ಹಂಚಿದಳು. "ಅಮ್ಮಾ, ನಿನ್ನ ಮಗಳು ಮರೆಮಾಚಲಿಲ್ಲ. ನೀನೂ ಮುನಿಸು ಇಟ್ಟುಕೊಳ್ಳಬೇಡ," ಎಂದು ಬೇಡಿಕೊಂಡಳು.

ಮರುದಿನ ಒರತೆಯ ನೀರು ಸಿಹಿಯಾಗಿತ್ತು. ಮರಿಗಳು ಹೊಟ್ಟೆ ತುಂಬ ಕುಡಿದವು. ಒಕೋಲಿ ಮನಸ್ಸಿನಲ್ಲೇ ನಕ್ಕ. ಗೆಣಸು ತಿಂದವನು ನಾನು, ತಪ್ಪುಕಾಣಿಕೆ ಕೊಟ್ಟವಳು ಅವಳು, ಎಂದುಕೊಂಡು ನೀರಿಗೆ ಬಾಯಿ ಹಾಕಿದ.

ಕಹಿ. ಬೇವಿನ ಕಷಾಯದಂಥ ಕಹಿ.

ಪಕ್ಕದಲ್ಲಿ ಜಿಂಕೆ ಖುಷಿಯಾಗಿ ಕುಡಿಯುತ್ತಿತ್ತು. ಒಕೋಲಿ ಉಗುಳುವಂತಿಲ್ಲ. ಕಣ್ಣು ಮುಚ್ಚಿ ಒಂದು ಗುಟುಕು ನುಂಗಿ, ಏನೂ ಆಗದವನಂತೆ ಹೊರಟುಹೋದ. ದೂರದ ಹೊಳೆಗೆ ಹೋಗಿ ಕುಡಿದ. ಅದೂ ಕಹಿ. ಎಲೆಯ ಮೇಲಿನ ಇಬ್ಬನಿ ನೆಕ್ಕಿದ. ಅದೂ ಕಹಿ. ಮೂರನೆಯ ದಿನ ಒಂದು ಗೆಣಸು, ಒಂದು ಕೋಲಾ ಬೀಜವನ್ನು ಎಲ್ಲಿಂದಲೋ ತಂದು, ಯಾರಿಗೂ ಕಾಣದಂತೆ ಬನದ ಮುಂದೆ ಇಟ್ಟು, ಒಂದು ಮಾತೂ ಆಡದೆ ಓಡಿಬಂದ. ಬಂದು ನೀರು ಕುಡಿದ. ಕಹಿ ಒಂದಿಷ್ಟೂ ಇಳಿದಿರಲಿಲ್ಲ.

ಐದನೆಯ ದಿನಕ್ಕೆ ಅವನ ನಾಲಿಗೆ ಒಣಗಿ ಅಂಟಿಕೊಂಡಿತು. ಪಕ್ಕೆಲುಬು ಕಾಣತೊಡಗಿತು. ಅವನು ಪೊದೆಯ ಕೆಳಗೆ ಬಿದ್ದುಕೊಂಡಿದ್ದನ್ನು ಎಕೆಮ ನೋಡಿದಳು. ನೋಡಿದ ಮೇಲೆ ಅವಳು ಸುಮ್ಮನಿರುವುದುಂಟೇ?

"ಒಕೋಲಿ ಅಣ್ಣಾ, ಯಾಕೆ ಹೀಗಾಗಿದ್ದೀಯ?"

"ಉಪವಾಸ ಮಾಡುತ್ತಿದ್ದೇನೆ."

"ಉಪವಾಸಕ್ಕೆ ನೀರೂ ಬೇಡವೇ?"

ಎಕೆಮ ಒಂದು ಸೋರೆಬುರುಡೆಯಲ್ಲಿ ಒರತೆಯ ನೀರು ತಂದು ಅವನ ಬಾಯಿಗೆ ಹಿಡಿದಳು. ಬಾಯಾರಿಕೆ ತಡೆಯಲಾರದೆ ಒಕೋಲಿ ಕುಡಿದ. ತಕ್ಷಣ ಮುಖ ಕಿವಿಚಿ ಉಗುಳಿದ. ಎಕೆಮ ಅದೇ ಬುರುಡೆಯ ನೀರನ್ನು ತಾನು ಕುಡಿದು ನೋಡಿದಳು. ಸಿಹಿಯಾಗಿತ್ತು. ಅವನನ್ನು ನೋಡಿದಳು, ಬುರುಡೆಯನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಆ ಆರು ಗುಳಿ ನಿನ್ನವೇ?" ಎಂದು ಮೆಲ್ಲಗೆ ಕೇಳಿದಳು.

ಒಕೋಲಿ ತಲೆ ತಗ್ಗಿಸಿದ. "ಗೆಣಸು, ಕೋಲಾ ಗುಟ್ಟಾಗಿ ಇಟ್ಟು ಬಂದೆ, ಆದರೂ ಕಹಿ ಹೋಗಲಿಲ್ಲ. ಎಲ್ಲರ ಮುಂದೆ ಹೇಗೆ ಹೇಳಲಿ? ಮುಖ ಎತ್ತಿ ತಿರುಗುವುದು ಹೇಗೆ?" ಎಂದ.

"ನನಗೂ ಹೆದರಿಕೆಯಾಗಿತ್ತು. ಹೇಳುವ ತನಕ ಮಾತ್ರ. ಏಳು, ನಾನೂ ಜೊತೆಗೆ ಬರುತ್ತೇನೆ."

ಅವಳು ಎಲ್ಲರನ್ನೂ ಬನದ ಮುಂದೆ ಕರೆದಳು. ಒಕೋಲಿ ಬರಿ ನೆಲದಲ್ಲಿ ಕೂತ. ಒಣಗಿದ ಗಂಟಲಿನಿಂದ ಮಾತು ಬಹಳ ಕಷ್ಟಪಟ್ಟು ಹೊರಬಂತು.

"ಆರು ಗೆಣಸು ಕದ್ದವನು ನಾನು. ಅದನ್ನು ಎಕೆಮ ಅಕ್ಕನ ತಲೆಗೆ ಕಟ್ಟಿದವನೂ ನಾನೇ."

ಅಂದು ಒಕೋಲಿಯ ಮಾತಿಗೆ ತಲೆಯಾಡಿಸಿದ್ದವರು ಎಕೆಮಳ ಮುಖ ನೋಡಲಾರದೆ ನೆಲ ನೋಡಿದರು.

"ಗೆಣಸು ಕದ್ದದ್ದಕ್ಕೆ ತಾಯಿಯಲ್ಲಿ ಕ್ಷಮೆ ಕೇಳಿಕೋ. ಸುಳ್ಳು ಹೇಳಿದ್ದಕ್ಕೆ ಇವಳಲ್ಲಿ ಕೇಳಿಕೋ. ಇವಳದ್ದೇ ಮೊದಲು," ಎಂದಳು ಅಜ್ಜಿ.

ಒಕೋಲಿ ಎಕೆಮಳ ಮುಂದೆ ಬಾಗಿ ಕ್ಷಮೆ ಕೇಳಿದ. ಆಮೇಲೆ ಅಜ್ಜಿ ಜೇಡಿಯ ಗೆರೆ ಎಳೆದಳು, ಕೋಲಾ ಒಡೆದಳು, ತಾಯಿಯನ್ನು ಬೇಡಿಕೊಂಡಳು.

"ಅಜ್ಜಿ, ಒಂದು ಕೇಳಲೇ?" ಎಂದಳು ಎಕೆಮ. "ಅವನು ಮೊದಲೇ ಗೆಣಸು, ಕೋಲಾ ಎರಡನ್ನೂ ತಂದಿಟ್ಟಿದ್ದನಂತೆ. ಆಗ ತಾಯಿ ಯಾಕೆ ಒಪ್ಪಲಿಲ್ಲ?"

"ಗೆಣಸು ಬೆಳೆಯುವವಳೇ ಅವಳು, ಮಗಳೇ. ಅವಳಿಗೆ ಗೆಣಸಿನ ಕೊರತೆ ಏನಿದೆ? ಅವಳು ಕಾಯುತ್ತಿದ್ದದ್ದು ಒಂದು ಮಾತಿಗೆ."

ಒಕೋಲಿ ಒರತೆಗೆ ಹೋಗಿ ಹೆದರುತ್ತಲೇ ಬಾಯಿ ಹಾಕಿದ. ನೀರು ಸಿಹಿಯಾಗಿತ್ತು. ಅವನು ಅಳುತ್ತಾ ಕುಡಿದ, ಕುಡಿಯುತ್ತಾ ಅತ್ತ.

ಆದರೆ ತಪ್ಪು ಅಷ್ಟಕ್ಕೇ ತೀರಲಿಲ್ಲ. ಹಬ್ಬದ ದಿನ ಎಲ್ಲರೂ ಹೊಸ ಗೆಣಸು ಸುಟ್ಟು ತಾಳೆಎಣ್ಣೆಯಲ್ಲಿ ಅದ್ದಿ ತಿಂದರು. ಒಕೋಲಿ ಮಾತ್ರ ಬಡಿಸಿದ, ತಿನ್ನಲಿಲ್ಲ. ಅವನ ಪಾಲಿನ ಆರು ಗೆಣಸು ಮುಂದಿನ ವರ್ಷದ ಬಿತ್ತನೆಗೆ ಹೋಯಿತು. ಮಳೆ ಬಿದ್ದಾಗ ಆರು ಗುಡ್ಡೆ ಮಣ್ಣು ಏರಿಸಿ, ತನ್ನ ಕೈಯಾರೆ ಅವನ್ನು ನೆಟ್ಟ.

ನೀತಿ: ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ಪಾರಾಗಲು ಆಗುವುದಿಲ್ಲ. ಮಾಡಿದವರೇ ಬಾಯಿಬಿಟ್ಟು ಒಪ್ಪಿಕೊಂಡು, ಅದನ್ನು ಸರಿಪಡಿಸಬೇಕು.