ನಾಯಕರ ಮೂಗಿಗೆ ಬೇಕಾದ ಬೆಳ್ಳಿ

ಪಟ್ಟದ ದಿನ ಹಂಚುವ ಪದಕದ ಮೇಲೆ ತಮ್ಮ ಮೂಗು ಎತ್ತರಕ್ಕೆ ಎದ್ದು ನಿಲ್ಲಲೇಬೇಕೆಂದು ಪಾಳೇಗಾರ ಬಿಲ್ಲಪ್ಪ ನಾಯಕರು ಹಟ ಹಿಡಿದರು. ಕತ್ತಲಲ್ಲಿ ಸವರಿದರೂ ನಾಯಕರೇ ಎಂದು ಗೊತ್ತಾಗಬೇಕಂತೆ. ಹಿಂಬದಿಯಲ್ಲಿ ಅವರ ಹೆಂಡತಿ ಚೆನ್ನಾಜಿ ನಾಗತಿಯವರ ಮುಖ.

ಪದಕ ಒತ್ತುವ ಕೆಲಸ ಅರಮನೆಯ ಅಕ್ಕಸಾಲಿಗನ ಪಾಲಿಗೆ ಬಂತು. ಮೂಗಿಗಾಗಿ ಅಚ್ಚನ್ನು ಆಳವಾಗಿ ಕೊರೆದ. ಬೆಳ್ಳಿ ಆ ಗುಳಿ ತುಂಬಲೊಲ್ಲದು. ಬಲವಾಗಿ ಹೊಡೆದರೆ ಅಚ್ಚೇ ಬಿರಿಯಿತು. ಇನ್ನೊಂದೂ ಬಿರಿದಾಗ ನಾಯಕರು, "ಮತ್ತೆ ಒಡೆದರೆ ನಿನ್ನ ಕೈ ಕಡಿಸ್ತೀನಿ" ಎಂದರು.

ಅವನು ಬೆಳ್ಳಿಯನ್ನು ಮತ್ತೆ ಮತ್ತೆ ಕಾಯಿಸಿ, ಹದವಾಗಿ ಒತ್ತಿ, ಒಂದೇ ಒಂದು ಪದಕ ತಂದ. ಮೂಗು ಗುಡ್ಡದ ಹಾಗೆ ನಿಂತಿತ್ತು. ನಾಯಕರು ಸವರಿ ಸವರಿ ಹಿಗ್ಗಿದರು.

"ಇಂಥವೇ ನೂರು ಮಾಡು."

"ಅಪ್ಪಣೆ ಬುದ್ಧಿ. ಆದರೆ ಬಿಲ್ಲೆಯಲ್ಲಿರೋದು ಅಷ್ಟೇ ಬೆಳ್ಳಿ. ಈ ಕಡೆ ಮೂಗಿಗೆ ಏರಿದ್ದು ಆ ಕಡೆಯಿಂದ ಬಂದದ್ದು. ಒಂದು ಸಲ ತಿರುಗಿಸಿ ನೋಡಬೇಕು."

ತಿರುಗಿಸಿದರು. ನಾಗತಿಯವರ ಮೂಗಿರಬೇಕಾದ ಜಾಗ ಸಪಾಟಾಗಿತ್ತು.

"ಇದನ್ನ ಅವ್ವನವರಿಗೆ ತೋರಿಸಿ. ಅವರು ಹ್ಞೂ ಅಂದ ಕೂಡಲೇ ಒತ್ತೋಕೆ ಕೂರ್ತೀನಿ."

ನಾಯಕರು ಒಳಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಪದಕವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ನನ್ನದು ಎಷ್ಟು ಇಳಿಸಿದ್ರೆ ಅವಳದು ಏಳತ್ತೆ?"