ಬಳೆಗಾರ ಸಂಗಯ್ಯ ಹಿಡಿದ ತಿಳಿನೀರ ನೇಮ

ಅಕ್ಷತೆ ಕೈಯಲ್ಲಿ ಹಿಡಿದು, ಮನಸ್ಸನ್ನು ಅತ್ತಿತ್ತ ಬಿಡದೆ ಕೇಳಿರವ್ವಾ.

ಹಿಂದೆ ಕುಂದಣಾಪುರವೆಂಬ ಪಟ್ಟಣದಲ್ಲಿ ಸಂಗಯ್ಯನೆಂಬ ಬಳೆಗಾರನೂ ಅವನ ಹೆಂಡತಿ ಹೊನ್ನಾಜಿಯೂ ಇದ್ದರು. ಎಷ್ಟು ಬಿಗಿಯಾದ ಬಳೆಯನ್ನಾದರೂ ನೋವಾಗದಂತೆ ತೊಡಿಸುವ ಕೈ ಸಂಗಯ್ಯನದು. ಮದುವೆಮನೆಯವರು ಅವನನ್ನೇ ಕಾದು ಕರೆಯುತ್ತಿದ್ದರು. ಕರೆದಲ್ಲಿ ಊಟದ ಜೊತೆಗೆ ಹೆಂಡವನ್ನೂ ಕೊಟ್ಟರು. ಮೊದಲು ಮದುವೆಗೆಂದು ಕುಡಿದನು, ಆಮೇಲೆ ಸಂತೆಗೆಂದು ಕುಡಿದನು, ಕಡೆಗೆ ಬೆಳಿಗ್ಗೆ ಕೈ ನಡುಗದಿರಲೆಂದು ಕುಡಿದನು.

ಹೆಂಡ ಮುಟ್ಟದೆ ತಿಳಿನೀರನ್ನೇ ಕುಡಿಯುವೆನೆಂಬ ತಿಳಿನೀರ ಗೌರಿಯ ನೇಮವನ್ನು ಹೊನ್ನಾಜಿ ಅವನ ಬದಲಿಗೆ ತಾನೇ ಹಿಡಿದು, ಮಂಗಳವಾರ ಮಂಗಳವಾರ ಉಪವಾಸವಿದ್ದು, ನೀರು ಸೋಸಿ ಕಲಶ ತುಂಬಿ ಗಂಡನ ಹೆಸರಿನಲ್ಲಿ ಕೈಮುಗಿದಳು. ಯಾರಾದರೂ ಕೇಳಿದರೆ, ಅವರಿಗೆ ಮೈಯಲ್ಲಿ ಹುಷಾರಿಲ್ಲವೆಂದು ಬಾಗಿಲು ಮುಂದೆ ಮಾಡಿದಳು. ಏಳು ವರುಷ ಹೀಗೆ ಹೋಯಿತು. ಸಂಗಯ್ಯನಿಗೆ ಅನ್ನ ಸೇರದಾಯಿತು, ತೋಳು ಕಡ್ಡಿಯಾಯಿತು, ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತು, ಕಾಲು ಬಾತು ಹೊಟ್ಟೆ ಬಿಂದಿಗೆಯಂತೆ ಉಬ್ಬಿತು. ಒಂದು ದಿನ ಮದುಮಗಳ ಕೈಯಲ್ಲೇ ಬಳೆ ಒಡೆದು ರಕ್ತ ಬರಲು, ಅವನು ಬಳೆ ಪೋಣಿಸಿದ ಮಲಾರದ ಹೊರೆಯನ್ನು ಅಲ್ಲೇ ಬಿಟ್ಟು ಬಂದು, ಗೋಡೆಗೆ ಮುಖಮಾಡಿ ಕುಳಿತನು.

ಹೊನ್ನಾಜಿ ಓಡಿಹೋಗಿ ಮದ್ದು ಕೊಡುವ ಕೆಂಚಜ್ಜಿಯನ್ನು ಕರೆತಂದಳು. ಅಜ್ಜಿ ಅವನ ಬಲಪಕ್ಕೆಯ ಕೆಳಗೆ ಬೆರಳೂರಿ ನೋಡಿ, "ಮೈಯ ವಿಷ ಕಳೆಯುವ ಯಕೃತ್ತು ಇದು ತಾಯಿ. ಹೆಂಡ ಇದನ್ನು ದಿನದಿನವೂ ಸುಟ್ಟು ಕಲ್ಲುಮಾಡಿದೆ. ಆಗುವಾಗ ನೋವು ಕಾಣದು, ಅದಕ್ಕೇ ನಿಮಗೆ ತಿಳಿಯಲಿಲ್ಲ" ಎಂದಳು.

"ನಾನು ಏಳು ವರುಷ ನೇಮ ಮಾಡಿದೆನಲ್ಲ ಅಜ್ಜಿ."

"ನೀನು ಉಪವಾಸವಿದ್ದರೆ ಅವನ ಹೊಟ್ಟೆಗೆ ಹೋಗುವ ಹೆಂಡ ನಿಂತೀತೆ? ಈ ನೇಮ ಕುಡಿಯುವವನೇ ಹಿಡಿಯಬೇಕಾದ್ದು."

ಸಂಗಯ್ಯ ಅಂದೇ ಹಿಡಿದನು. ಹೆಂಡ ನಿಂತದ್ದಕ್ಕೆ ನಾಲ್ಕು ದಿನ ಮೈಯೆಲ್ಲ ನಡುಗಿ, ಇಲ್ಲದ ಹಾವುಗಳನ್ನು ಕಂಡು ಕಿರುಚಿದನು. ಅಜ್ಜಿ ಪಕ್ಕ ಬಿಟ್ಟು ಏಳಲಿಲ್ಲ. ಆಮೇಲೆ ಮೂರು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಕಾಲಿನ ಬಾವು ಇಳಿಯಿತು, ಗಂಜಿ ರುಚಿಸಿತು. ಒಂದು ಮಧ್ಯಾಹ್ನ ಹೊನ್ನಾಜಿಯ ತಲೆ ಬಾಚಿ, "ನಿನ್ನ ಮುಖ ಸರಿಯಾಗಿ ನೋಡಿ ಎಷ್ಟು ವರುಷವಾಯಿತು" ಎಂದನು. ಬದುಕಿದೆವು ಎಂದುಕೊಂಡಳು ಅವಳು.

ಆದರೆ ಕಲ್ಲಾದದ್ದು ಮೆತ್ತಗಾಗಲಿಲ್ಲ. ನಾಲ್ಕನೆಯ ತಿಂಗಳು ಪೂಜೆಗೆ ಕುಳಿತಿದ್ದಾಗಲೇ ರಕ್ತ ಕಾರಿಕೊಂಡು, ಎರಡು ದಿನ ಯಾರ ಗುರುತೂ ಹತ್ತದೆ, ಕಟ್ಟಿಕೊಂಡವಳನ್ನೇ "ಯಾರ ಮನೆಯವಳಮ್ಮ ನೀನು, ಕೈ ಕೊಡು" ಎಂದು ಕೇಳುತ್ತ ಕೇಳುತ್ತ ಪ್ರಾಣಬಿಟ್ಟನು.

ಹೊನ್ನಾಜಿ ಕಲಶ ಕವುಚಿಟ್ಟು, ಮೂರು ಮಂಗಳವಾರ ಗೌರಿಯ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ವಾರ, ಅಣ್ಣನ ಜೊತೆ ಕೂತು ಕುಡಿಯುತ್ತಿದ್ದ ಮೈದುನ ಬಸಲಿಂಗ ಬಾಗಿಲಲ್ಲಿ ನಿಂತು, "ಅತ್ತಿಗೆ, ನನಗೂ ಪಕ್ಕೆ ಭಾರವಾಗುತ್ತಿದೆ. ನೇಮ ಹೇಗೆ ಹಿಡಿಯುವುದು ಹೇಳಿಕೊಡಿ" ಎಂದನು. ಅವಳಿಗೆ ಅವನ ಮುಖ ನೋಡುವ ಮನಸ್ಸಿರಲಿಲ್ಲ. ಆದರೂ ಎದ್ದು, ನೀರು ಸೋಸಿ, ಕಲಶವನ್ನು ಅವನ ಕೈಗೇ ಕೊಟ್ಟಳು. ಅವನ ಯಕೃತ್ತು ಇನ್ನೂ ಕಲ್ಲಾಗಿರಲಿಲ್ಲವಾಗಿ ಅವನು ಉಳಿದು ಮೊಮ್ಮಕ್ಕಳನ್ನು ಕಂಡನು. ಹೊನ್ನಾಜಿ ಆ ಮನೆಯ ಒಂದು ಹಬ್ಬಕ್ಕೂ ಹೋಗಲಿಲ್ಲ.

ಗೌರಿ ಸಂಗಯ್ಯನನ್ನು ಮರಳಿ ಕೊಟ್ಟಳೆಂದು ಈ ಕಥೆ ಹೇಳುವುದಿಲ್ಲ. ವೇಳೆ ಮೀರುವ ಮುನ್ನ ಇದನ್ನು ಕೇಳಿ ತಾನೇ ನೇಮ ಹಿಡಿದವನಿಗೆ ಬಸಲಿಂಗನ ಆಯುಷ್ಯವಾಗಲಿ, ಓದಿ ಹೇಳಿದವರಿಗೂ ಅದೇ ಫಲವಾಗಲಿ, ಹೊನ್ನಾಜಿಯ ಪಾಲು ಯಾರ ಮನೆಗೂ ಬಾರದಿರಲಿ.