ನೇಕಾರನ ಗುಣಾಕಾರ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: “ಗುರುಗಳೇ, ಜೊತೆಗಾರನಿಗೂ ನನಗೂ ಮಾತು ನಿಂತಿದೆ. ತಪ್ಪು ನನ್ನದೇ ಅನ್ನುತ್ತಾನೆ. ಮತ್ತೆ ಮತ್ತೆ ಕೂತು ಯೋಚಿಸಿದೆ, ನನ್ನಲ್ಲಿ ಏನೂ ತಪ್ಪು ಕಾಣಲಿಲ್ಲ. ಇನ್ನೆಷ್ಟು ಸಲ ನೋಡಲಿ?”

ಗುರು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮಗಳ ಮದುವೆ ಹತ್ತಿರ ಬಂದಿತ್ತು. ಧಾರೆ ಸೀರೆಯನ್ನು ತಾನೇ ನೇಯಬೇಕೆಂದು ಅವನ ಆಸೆ. ಸೀರೆಯ ಉದ್ದಕ್ಕೆ ಓಡುವ ಎಳೆಗಳು ಎಪ್ಪತ್ತಮೂರರ ಕಟ್ಟಿನಂತೆ ಎಂಬತ್ತಾರು ಕಟ್ಟು ಬೇಕು. ಅಷ್ಟಕ್ಕೂ ಒಂದೇ ಹಂಡೆಯಲ್ಲಿ ಬಣ್ಣ ಹಾಕಬೇಕು. ಕಡಿಮೆ ಬಿತ್ತೆಂದು ಆಮೇಲೆ ಅದ್ದಿದರೆ ಅದೇ ಕೆಂಪು ಬರುವುದಿಲ್ಲ, ಸೀರೆ ಕೆಟ್ಟಂತೆಯೇ.

ಹಂಡೆ ಒಲೆಯ ಮೇಲಿಟ್ಟು, ನೆಲದ ಮೇಲೆ ಬಳಪದಲ್ಲಿ ಗುಣಿಸಿದ. ಎಂಬತ್ತಾರನ್ನು ಮೊದಲು ಮೂರರಿಂದ, ಆಮೇಲೆ ಒಂದು ಸ್ಥಾನ ಬಿಟ್ಟು ಏಳರಿಂದ. ಕೂಡಿದರೆ ಆರು ಸಾವಿರದ ಎಪ್ಪತ್ತೆಂಟು ಬಂತು.

ಅಷ್ಟರಲ್ಲಿ ಬೀಗ ಬಂದ. ಅವನೂ ನೇಕಾರನೇ. ಲೆಕ್ಕ ನೋಡಿ, ಪಕ್ಕದಲ್ಲಿ ನಾಲ್ಕು ಮನೆ ಗೀಚಿದ. ಮೇಲೆ ಎಂಬತ್ತು, ಆರು. ಬದಿಗೆ ಎಪ್ಪತ್ತು, ಮೂರು. ಒಂದೊಂದು ಮನೆಯನ್ನೂ ಗುಣಿಸಿ ತುಂಬಿ, ನಾಲ್ಕನ್ನೂ ಕೂಡಿದ.

“ಬೀಗರೇ, ಇನ್ನೂರು ಎಳೆ ಕಡಿಮೆ ಹಿಡಿದಿದ್ದೀರಿ.”

ನೇಕಾರನಿಗೆ ಮೈಯೆಲ್ಲ ಉರಿದುಹೋಯಿತು. “ಲೆಕ್ಕ ಮಾಡಿ ಅಂದ್ರೆ ಕುಂಟೆಬಿಲ್ಲೆ ಮನೆ ಬರೀತೀರಲ್ಲ! ನಮ್ಮಪ್ಪನ ಕಾಲದಿಂದ ನಾವು ಗುಣಿಸೋದು ಹಿಂಗೇ.”

ಅಳಿಸಿ ಮತ್ತೆ ಗುಣಿಸಿದ. ಅಷ್ಟೇ ಬಂತು. ಇನ್ನೊಮ್ಮೆ ಗುಣಿಸಿದ. ಅಷ್ಟೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಬೀಗನೂ ಕಡಿಮೆಯವನಲ್ಲ; ಹೆಗಲ ವಸ್ತ್ರ ಕೊಡವಿ ಎದ್ದೇಬಿಟ್ಟ. ಸಂಬಂಧ ಮುರಿಯುತ್ತದೆಂದು ನೇಕಾರನಿಗೆ ಒಳಗೊಳಗೇ ಭಯವಾಯಿತು. ಆದರೂ ಬಾಯಿ ಸೋಲಲಿಲ್ಲ. ಬೀಗನ ಕಿವಿಗೆ ಬೀಳಲೆಂದು ಈ ಸಲ ಗಟ್ಟಿಯಾಗಿಯೇ ಗುಣಿಸಿದ.

“ಏಳಾರ್ಲಿ ನಲವತ್ತೆರಡು, ಎರಡು ಬರೆದೆ, ಕೈಲಿ ನಾಲ್ಕು. ಏಳೆಂಟ್ಲಿ ಐವತ್ನಾಲ್ಕು…”

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋಗಿ ಹುಣಸೆಬೀಜ ತಂದಳು. ಏಳೇಳು ಬೀಜದ ಎಂಟು ಸಾಲು ಅಪ್ಪನ ಮುಂದೆ ಜೋಡಿಸಿದಳು. “ಎಣಿಸಪ್ಪ,” ಅಂದಳು.

ಎಣಿಸಿದ. ಐವತ್ತಾರು. ಎರಡು ಬೀಜ ಹೆಚ್ಚಿಗೆ ಬಿದ್ದಿರಬೇಕೆಂದು ಸಾಲು ಸಾಲಾಗಿ ನೋಡಿದ. ಇರಲಿಲ್ಲ. ಗುಣಿಸುವ ರೀತಿ ಇಬ್ಬರದೂ ಸರಿಯೇ ಇತ್ತು. ಚಿಕ್ಕಂದಿನಲ್ಲಿ ಇವನ ಬಾಯಿಗೆ ಕೂತ ಮಗ್ಗಿಯೇ ತಪ್ಪು. ಇಷ್ಟು ವರ್ಷ ಎಳೆ ಸಾಲದೆ ಬಂದಾಗಲೆಲ್ಲ ಅವನು ನೂಲು ಮಾರುವವನನ್ನು ಬೈದಿದ್ದ. ನೆನೆಸಿಕೊಂಡು ನಾಚಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಗನಿಗೂ ನಗು ತಡೆಯಲಿಲ್ಲ. ಇಬ್ಬರೂ ಸೇರಿ ಇನ್ನೂರು ಎಳೆ ಕೂಡಿಸಿ ಎಲ್ಲವನ್ನೂ ಒಟ್ಟಿಗೇ ಹಂಡೆಗೆ ಇಳಿಸಿದರು. ಸೀರೆ ಸೊಗಸಾಗಿ ಬಂತು, ಮದುವೆಯೂ ಸುಖವಾಗಿ ನಡೆಯಿತು.

ಕತೆ ಕೇಳಿ ಶಿಷ್ಯ ಗಟ್ಟಿಯಾಗಿ ನಕ್ಕ. “ಎಂಥ ಮನುಷ್ಯ! ಅಷ್ಟು ಸಲ ನೋಡಿದರೂ ತಪ್ಪು ಕಾಣಲಿಲ್ಲವಲ್ಲ!”

ಗುರು ಅಂದರು: “ಅಷ್ಟು ಸಲವೂ ನೋಡಿದವನು ಅವನೊಬ್ಬನೇ ಅಲ್ಲವೆ?”

ಶಿಷ್ಯನ ನಗು ನಿಂತಿತು.